47 ಎಚ್‌ಪಿ ಸಾಲ್ತಿಲ್ವಂತೆ ಪುಟ್ಟನಿಗೆ

ನಮ್ಮ ‘ದೊಡ್ಮನೆ ಬಳಗ’ ಗುಂಪಿನಲ್ಲಿ ಶುಭೋದಯ, ಲಗ್ನಪತ್ರಿಕೆ, ಯಾರೋ ತೀರಿಕೊಂಡ ಸುದ್ದಿ ಬಿಟ್ಟರೆ ಮಾತುಕತೆ ಕಮ್ಮಿ. ಭಾನುವಾರ ಚಿಂಟು ಒಂದು ರೀಲ್ ಹಾಕಿದ ನೋಡಿ, ಊಟದ ಹೊತ್ತಿಗೂ ಯಾರೂ ಫೋನ್ ಕೆಳಗಿಡಲಿಲ್ಲ. ಬೈಕಿನ ಹುಚ್ಚಿರೋ ಗೆಳೆಯರು ಕೇಳಿದರು ಅಂತ ಇಲ್ಲಿ ಹಾಕ್ತಿದ್ದೀನಿ. ದೊಡ್ಡಮ್ಮನ ಹೂವಿನ ಸ್ಟಿಕರ್‌ಗಳನ್ನೂ, ಮಾವ ಬೈದದ್ದರಲ್ಲಿ ಅರ್ಧದಷ್ಟನ್ನೂ ತೆಗೆದಿದ್ದೀನಿ.

ಚಿಂಟು: ಪುಟ್ಟಣ್ಣ, ಈ ರೀಲ್ ನೋಡು. ನಿನ್ನ 650 ಸಿಸಿ ಬೈಕಿಗೆ ಬೇಕಾಗಿರೋದು ಇದೇ. ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ವೈರಿಗೆ ಟ್ಯೂನರ್ ಅನ್ನೋ ಒಂದು ಡಬ್ಬಿ ಸಿಕ್ಕಿಸಿದ್ರೆ ಮುಗೀತು. ಬಿಎಸ್6 ಹೊಗೆ ನಿಯಮದಲ್ಲಿ ಪಾಸಾಗ್ಲಿ ಅಂತ ಕಂಪನಿಯವ್ರು ಪೆಟ್ರೋಲ್ ಕಟ್ ಮಾಡಿ ಎಂಜಿನ್ನಿನ ಕತ್ತು ಹಿಸುಕಿರ್ತಾರೆ. ಟ್ಯೂನರ್ ಹಾಕಿದ್ರೆ ಅಸಲಿ ಪವರ್ ಹೊರಗೆ ಬರುತ್ತೆ.

ಪುಟ್ಟ: ನಾನೂ ಅದೇ ಯೋಚ್ನೇಲಿದೀನಿ. ದಾವಣಗೆರೆ ಗುಂಡಿ ಸರ್ಕಲ್ ಹತ್ರ ಎರಡನೇ ಗೇರಲ್ಲಿ ನಿಧಾನ ಹೋದ್ರೆ ಗಾಡಿ ಜಗ್ತೈತಿ. ಸಿಗ್ನಲ್‌ನಾಗೆ ನಿಂತ್ರೆ ತೊಡೆ ಸುಡ್ತೈತಿ. ಹೈವೇಗೆ ಬಿದ್ದು ದುರ್ಗದ ಕಡೆ ಹೊಂಟ್ರೆ ಏನೂ ತಕರಾರಿಲ್ಲ.

ಮಾವ: 47 ಎಚ್‌ಪಿ ಸಾಲಂಗಿಲ್ಲೇನಲೇ ನಿಂಗೆ? ಯೆಜ್ಡಿ ಮ್ಯಾಲೆ ನಿಮ್ಮತ್ತೇನ ಕುಂದ್ರಿಸ್ಕೊಂಡು ಹರಿಹರದಿಂದ ದುರ್ಗಕ್ಕೆ ಹೋಗಿ ಬಂದೋನು ನಾನು.

ಅತ್ತೆ: ಭರಮಸಾಗರದ ಹತ್ರ ತಳ್ಳಿದ್ದೂ ಹೇಳ್ರಿ.

ಮಾವ: ಅದನ್ನೇ ಹೇಳಕ್ಕೆ ಹೊಂಟಿದ್ದೆ. ಯಾರದೋ ಮಾತು ಕೇಳಿ ಕಾರ್ಬ್ಯುರೇಟರಿಗೆ ಪೆಟ್ರೋಲ್ ಜಾಸ್ತಿ ಬಿಡೋ ದೊಡ್ಡ ಜೆಟ್ ಹಾಕ್ಸಿದ್ದೆ. ಪ್ಲಗ್ ಮಸಿ ಹಿಡಿದು ಗಾಡಿ ನಿಂತ್ಕೊಂಡ್ತು. ಆಗಿನ ಟ್ಯೂನರ್ ಅಂದ್ರೆ ಒಂದು ಸ್ಕ್ರೂಡ್ರೈವರ್, ನಾಲ್ಕು ಜೆಟ್ಟು, ಪ್ಲಗ್ಗಿನ ಬಣ್ಣ. ಬೆಳ್ಳಗಿದ್ರೆ ಪೆಟ್ರೋಲ್ ಸಾಲಂಗಿಲ್ಲ, ಕರ್ರಗಿದ್ರೆ ಜಾಸ್ತಿ ಆಗೈತಿ, ಕಂದು ಇದ್ರೆ ಕೈ ಮುಗ್ದು ಸುಮ್ನಿರು.

ಚಿಂಟು: ಮಾವ, ಇದು ಕಾರ್ಬ್ಯುರೇಟರ್ ಕಾಲ ಅಲ್ಲ 😄

ಮಾವ: ಉರಿಯೋದು ಈಗ್ಲೂ ಪೆಟ್ರೋಲೇ ಅಲ್ಲೇನು? ನಮ್ಮ ಮಂಡಕ್ಕಿ ಭಟ್ಟಿ ನೋಡೀಯಿಲ್ಲೋ. ಒಲೆಗೆ ಹೊಟ್ಟು ಸುರಿತಾನೇ ಇದ್ರೆ ಉರಿ ಏರಂಗಿಲ್ಲ, ಓಣಿ ತುಂಬ ಹೊಗೆ ಆಗ್ತೈತಿ. ಗಾಳಿ ಹೋಗೋ ಕಂಡಿ ಇರೋದು ಅಷ್ಟೇ ಅಂದ್ಮೇಲೆ ಹೊಟ್ಟು ಎಷ್ಟು ಹಾಕಿದ್ರೇನು? ನಿನ್ನ ಗಾಡಿ ಫಿಲ್ಟರ್ ಅದೇ, ಸೈಲೆನ್ಸರ್ ಅದೇ. ಗಾಳಿ ಎಲ್ಲಿಂದ ತರ್ತೀ?

ಇಡೀ ವಾದದ ತಿರುಳು ಇಷ್ಟೇ ಅಂತ ನನಗನ್ನಿಸಿತ್ತು. ಆದರೆ ಬೆಂಗಳೂರಿನ ಭಾವ ಬಂದರು. ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರ್, ಅದರ ಲೆಕ್ಕ ಹೊಂದಿಸೋದೇ ಅವರ ಹೊಟ್ಟೆಪಾಡು. ಅವರು ಬರೆಯೋಕೆ ಕೂತರೆ ‘ಇನ್ನಷ್ಟು ಓದಿ’ ಒತ್ತಲೇಬೇಕು.

ಭಾವ: ಚಿಂಟು, ಬಿಎಸ್6 ಗಾಡಿಗಳು ಪೂರ್ತಿ ಲೀನ್ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ಸತ್ಯ. ಲೀನ್ ಮಾಡಿದ್ರೆ ಹೊಗೆ ತೊಳೆಯೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ನೈಟ್ರೋಜನ್ ಆಕ್ಸೈಡ್ ತಡೆಯೋಕಾಗಲ್ಲ. 2020ರ ಏಪ್ರಿಲ್‌ನಿಂದ ಪೆಟ್ರೋಲ್ ಬೈಕಿಗೆ ಅದರ ಮಿತಿ ಕಿಲೋಮೀಟರಿಗೆ 60 ಮಿಲಿಗ್ರಾಂ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಕೂಡ ಅದೇ ಕನ್ವರ್ಟರ್ ತೊಳೀಬೇಕು. ಮೂರೂ ಒಟ್ಟಿಗೆ ಆಗ್ಬೇಕು ಅಂದ್ರೆ ಗಾಳಿ, ಪೆಟ್ರೋಲ್ ಲೆಕ್ಕ ಕರಾರುವಾಕ್ಕಾಗಿರ್ಬೇಕು. ಶುದ್ಧ ಪೆಟ್ರೋಲಾದ್ರೆ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು. ಆಕ್ಸಿಜನ್ ಸೆನ್ಸರ್ ಹೊಗೆಯನ್ನ ಮೂಸಿ ನೋಡಿ ಹೇಳ್ತಾ ಇರತ್ತೆ, ಇಸಿಯು ತಿದ್ದುತ್ತಾ ಇರತ್ತೆ.

ಭಾವ: ಈಗ ಡಬ್ಬಿ ಹಾಕಿದೆ ಅಂದ್ಕೋ. ಇಂಜೆಕ್ಟರ್ ತೆರೆದಿರೋ ಹೊತ್ತನ್ನ ಅದು ಒಂಚೂರು ಹಿಗ್ಗಿಸತ್ತೆ. ಸೆನ್ಸರ್ ಕಂಡುಹಿಡಿಯತ್ತೆ, ಇಸಿಯು ಅಷ್ಟನ್ನೇ ಕಡಿಯತ್ತೆ. ಒಬ್ಬ ಸುರಿಯೋದು, ಇನ್ನೊಬ್ಬ ಬಳಿದು ತೆಗೆಯೋದು. ಅದಕ್ಕೇ ಡಬ್ಬಿ ಮಾರೋರು ಸೆನ್ಸರ್ ಮಾತನ್ನೂ ತಿರುಚ್ತಾರೆ. ಪೂರ್ತಿ ಗ್ಯಾಸ್ (ಆಕ್ಸಿಲರೇಟರ್) ತಿರುವಿದಾಗ ಕತೆ ಬೇರೆ: ಅಲ್ಲಿ ಇಸಿಯು ಸೆನ್ಸರ್ ಮಾತು ಕೇಳಲ್ಲ. ಆದ್ರೆ ಜಾಸ್ತಿ ಪವರ್ ಸಿಗೋದು 12.5ರಿಂದ 13 ಪಾಲು ಗಾಳಿಯ ಆಸುಪಾಸಲ್ಲಿ ಅಂತ ಕಂಪನಿಯವರಿಗೂ ಗೊತ್ತು, ಅಲ್ಲಿ ಅವರೇ ಪೆಟ್ರೋಲ್ ಜಾಸ್ತಿ ಕೊಟ್ಟಿರ್ತಾರೆ. ಸ್ಟಾಕ್ ಗಾಡಿಗೆ ಟ್ಯೂನರ್ ಕೊಡೋಕೆ ಉಳಿದಿರೋ ಪವರ್ ಬಹಳ ಕಮ್ಮಿ.

ಚಿಂಟು: ಹಾಗಾದ್ರೆ ಹಾಕಿಸ್ಕೊಂಡೋರೆಲ್ಲ ದಡ್ಡರಾ? ಗಾಡಿ ಬೆಣ್ಣೆ ಥರ ಆಯ್ತು ಅಂತಾರಲ್ಲ?

ಭಾವ: ದಡ್ಡರಲ್ಲ. ನಿಧಾನ ಹೋಗುವಾಗ ಮೆತ್ತಗಾಗೋದು ನಿಜ. ನೀನು ಗ್ಯಾಸ್ ಬಿಟ್ಟ ತಕ್ಷಣ ಇಸಿಯು ಪೆಟ್ರೋಲ್ ನಿಲ್ಲಿಸತ್ತೆ, ತಿರುವಿದಾಗ ಮತ್ತೆ ಬಿಡತ್ತೆ. ಆ ಸಂದಿಯಲ್ಲಿ ಬೀಳೋ ಪೆಟ್ಟೇ ಪುಟ್ಟ ಹೇಳ್ತಿರೋ ಜಗ್ಗಾಟ. ಅಲ್ಲಿ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಮಾಡಿದ್ರೆ ಪೆಟ್ಟು ಕಮ್ಮಿಯಾಗತ್ತೆ, ಬಿಸಿನೂ ಒಂಚೂರು ಇಳಿಯತ್ತೆ. ಅದಕ್ಕೆ ಬದಲಾಗಿ ಮೈಲೇಜ್ ಕೊಡ್ಬೇಕು, ಹೊಗೆ ತಪಾಸಣೆ ಕೊಡ್ಬೇಕು, ವಾರಂಟಿ ಕೊಡ್ಬೇಕು. ಗೊತ್ತಿದ್ದು ಕೊಡೋರು ಕೊಡಲಿ. ಪವರ್ ಅಂತ ಹೇಳಿ ಮಾರೋದು ಮಾತ್ರ ಸರಿಯಲ್ಲ.

ಚಿಂಟು: ಸರಿ, ಇದಕ್ಕೆ ಉತ್ತರ ಹೇಳಿ ಭಾವ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ಗೆ 9 ಪಾಲು ಗಾಳಿ ಸಾಕು. ಅಂದ್ರೆ ಅದೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಕಂಪನಿ ಲೆಕ್ಕ ಹಳೇದಾಯ್ತಲ್ಲ?

ಇಲ್ಲಿ ಚಿಂಟುಗೆ ಅಂಕ ಕೊಡಬೇಕು. ರೀಲ್ ನೋಡಿ ಮಾತಾಡೋನು ಅಂತ ತಳ್ಳಿಹಾಕೋ ಪ್ರಶ್ನೆಯಲ್ಲ ಇದು.

ಭಾವ: ಒಳ್ಳೇ ಪ್ರಶ್ನೆ. ಇ20ಗೆ ಸರಿಯಾದ ಲೆಕ್ಕ ಸುಮಾರು 13.5 ಪಾಲು ಗಾಳಿ. ಮೊದಲಿದ್ದ ಇ10ಗೆ ಸುಮಾರು 14.1. ವ್ಯತ್ಯಾಸ 4 ಪರ್ಸೆಂಟ್ ಚಿಲ್ಲರೆ. ಮಾಮೂಲಿ ಓಡಾಟದಲ್ಲಿ ಸೆನ್ಸರ್ ಅದನ್ನ ತಾನೇ ತಿದ್ಕೊಳತ್ತೆ. ಪೂರ್ತಿ ಗ್ಯಾಸಲ್ಲಿ ತಿದ್ದೋರಿಲ್ಲ, ಆದ್ರೆ ಅಲ್ಲಿ ಮೊದಲೇ ರಿಚ್ ಇರೋದ್ರಿಂದ ಸ್ವಲ್ಪ ಲೀನ್ ಕಡೆ ಸರಿಯತ್ತೆ ಅಷ್ಟೆ. ಹಳೇ ಕಾರ್ಬ್ಯುರೇಟರ್ ಗಾಡಿಗಾದ್ರೆ ನಿನ್ನ ಮಾತು ಪೂರ್ತಿ ಒಪ್ತಿದ್ದೆ. ಪುಟ್ಟನದು 2024ರ ಮಾಡೆಲ್.

ಮಾವ: ಬೆಳೆದ ಮೆಕ್ಕೆಜೋಳಕ್ಕೆ ರೇಟಿಲ್ಲ ಅಂತ ನಾವು ಅಳ್ತಾ ಕುಂತೀವಿ. ಅದೇ ಜೋಳ ಎಥನಾಲ್ ಆಗಿ ಇವನ ಟ್ಯಾಂಕಿನಾಗೆ ಬರ್ತೈತಿ. ಇವ ಅದಕ್ಕೂ ಡಬ್ಬಿ ಹಾಕ್ತೀನಿ ಅಂತಾನೆ.

ದೊಡ್ಡಮ್ಮ: ಎಲ್ರೂ ಊಟ ಆಯ್ತಾ 🙏🌹

ಅಕ್ಕನ ಮಗಳು: ಒಂದ್ ನಿಮಿಷ. ಆ ರೀಲ್ ಯಾರಾದ್ರೂ ನಿಲ್ಲಿಸಿ ನಿಲ್ಲಿಸಿ ನೋಡಿದ್ರಾ? ‘ಮೊದಲು’ ಅಂತ ತೋರ್ಸೋ ಗಾಡಿಗೆ ಕಂಪನಿ ಸೈಲೆನ್ಸರ್ ಇದೆ. ಡೈನೋ (ಪವರ್ ಅಳೆಯೋ ಯಂತ್ರ) ಮೇಲಿರೋ ಗಾಡಿಗೆ ಬೇರೆ ಸೈಲೆನ್ಸರ್. ಸ್ಕ್ರೀನ್‌ಶಾಟ್ ಹಾಕ್ತೀನಿ.

ಅಕ್ಕನ ಮಗಳು: ಗ್ರಾಫ್ ಕೂಡ ಸೊನ್ನೆಯಿಂದ ಶುರುವಾಗಲ್ಲ. 36ರಿಂದ ಶುರು. ಅದಕ್ಕೇ ಎರಡು ಗೆರೆ ಮಧ್ಯೆ ಅಷ್ಟು ದೂರ ಕಾಣ್ತಿದೆ.

ಮಾವ: ಶಭಾಷ್ ಮಗಳೇ!! ಬಾ, ಬೆಣ್ಣೆದೋಸೆ ನನ್ನ ಲೆಕ್ಕ.

ಚಿಂಟು: ಈ ಸಂದೇಶವನ್ನು ಅಳಿಸಲಾಗಿದೆ

ಪುಟ್ಟ: ಏನ್ ಅಳಿಸ್ದೆ ಚಿಂಟು 😂

ಅಕ್ಕ: ಕೋರ್ಟಿನ ಫೈಲ್ ಓದೋಕೆ ಬಿಡಲ್ಲ ನೀವು. ಕಾನೂನಿನ ಮಾತೂ ಕೇಳಿ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು ಅನ್ನತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. ವೈರಿನ ಡಬ್ಬಿಯೊಂದು ಅದರೊಳಗೆ ಬರತ್ತೋ ಇಲ್ವೋ ಅಂತ ನಾನು ಎರಡೂ ಕಡೆ ವಾದ ಮಾಡ್ಬಲ್ಲೆ.

ಚಿಂಟು: ಅಕ್ಕ, ಸೀಟಿನ ಕೆಳಗಿರೋದು ಯಾವ ಪೊಲೀಸಿಗೆ ಕಾಣತ್ತೆ?

ಅಕ್ಕ: ಪೊಲೀಸಿಗೆ ಕಾಣಲ್ಲ. ವಾರಂಟಿ ಕ್ಲೇಮ್ ತಗೊಂಡು ಹೋದಾಗ ಸರ್ವಿಸ್‌ನವರಿಗೆ ಕಾಣತ್ತೆ. ಅಪಘಾತ ಆದ್ರೆ ಇನ್ಶೂರೆನ್ಸ್ ಸರ್ವೇಯರ್‌ಗೆ ಕಾಣತ್ತೆ. ನನ್ನ ವಕೀಲಿ ಫೀಸಿನ ಬಗ್ಗೆ ಆಗ ಮಾತಾಡೋಣ.

ನಾನು: ಪುಟ್ಟ, ಒಂದು ಕೇಳ್ತೀನಿ. ಇಷ್ಟು ಹೊತ್ತು ಎಲ್ಲರೂ ಪರಿಹಾರದ ಬಗ್ಗೆ ಜಗಳ ಆಡ್ತಿದ್ದಾರೆ, ರೋಗ ಏನು ಅಂತ ಯಾರೂ ನೋಡಿಲ್ಲ. ಚೈನ್ ಕೊನೇ ಸಲ ಬಿಗಿ ಮಾಡ್ಸಿದ್ದು ಯಾವಾಗ?

‘ಪುಟ್ಟ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋಯ್ತು, ಮತ್ತೆ ಬಂತು. ಕೊನೆಗೆ ಚೈನಿನ ವಿಡಿಯೋ ಬಂತು. ಬೆರಳಲ್ಲಿ ಎತ್ತಿದರೆ ಚೈನ್ ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್‌ಆರ್ಮ್‌ಗೆ ತಾಗುತ್ತಿತ್ತು.

ಮಾವ: ಅಯ್ಯೋ ಶಿವನೇ.

ಭಾವ: ಇನ್ನೇನ್ ಬೇಕು? ಪೆಟ್ರೋಲ್ ನಿಂತು ಬರೋವಾಗ ಆಗೋ ಸಣ್ಣ ಪೆಟ್ಟನ್ನ ಈ ಸಡಿಲ ಚೈನ್ ದೊಡ್ಡದು ಮಾಡತ್ತೆ. ಮೊದಲು ಚೈನ್ ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಎಳ್ಕೊಳತ್ತೆ. ಥ್ರಾಟಲ್ ಕೇಬಲ್ ಆಟನೂ ನೋಡು. ಎರಡಕ್ಕೂ ಅಳತೆ ಮ್ಯಾನ್ಯುಯಲ್‌ನಲ್ಲಿದೆ. ಟೈರಿನ ಗಾಳಿನೂ.

ಮಾವ: ಸ್ಪ್ಯಾನರ್ ನನ್ನತ್ರ ಅದಾವು. ಹರಿಹರಕ್ಕೆ ಬಾ, ಅಂಗಳದಾಗೆ ಮಾಡಣ. ಬರೋವಾಗ ಮಿರ್ಚಿ ಕಟ್ಟಿಸ್ಕೊಂಡು ಬಾ.

ಸಂಜೆವರೆಗೆ ಗುಂಪು ತಣ್ಣಗಿತ್ತು. ದೀಪ ಹಚ್ಚೋ ಹೊತ್ತಿಗೆ ಪುಟ್ಟ ಬಂದ.

ಪುಟ್ಟ: ಚೈನು, ಕೇಬಲ್ಲು ಎರಡೂ ಆಯ್ತು. ಜಗ್ಗೋದು ಮುಕ್ಕಾಲು ಹೋಗೈತಿ. ಪೂರಾ ಹೋಗಿಲ್ಲ. 2,000 ಆರ್‌ಪಿಎಂ ಕೆಳಗೆ ಇನ್ನೂ ಒಂಚೂರು ಐತಿ. ಬಿಸಿ ಹಂಗೇ ಐತಿ.

ಚಿಂಟು: ಉಳಿದ ಕಾಲು ಭಾಗಕ್ಕೆ ಟ್ಯೂನರ್ 😎

ಭಾವ: ಉಳಿದ ಕಾಲು ಭಾಗಕ್ಕೆ ಒಂದನೇ ಗೇರ್. ಅಷ್ಟು ನಿಧಾನಕ್ಕೆ ಎರಡನೇ ಗೇರ್ ಯಾಕೆ? ಬಿಸಿ ಅಂದ್ರೆ ಅದು ಗಾಳಿ, ಆಯಿಲ್ ಕೂಲಿಂಗ್ ಎಂಜಿನ್. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಗೆ ಗಾಳಿ ಎಲ್ಲಿಂದ ಬರ್ಬೇಕು? ಸಿಗ್ನಲ್ ಉದ್ದ ಇದ್ರೆ ಎಂಜಿನ್ ಆಫ್ ಮಾಡು.

ಚಿಂಟು: ಮುಂದೆ ಸೈಲೆನ್ಸರ್ ಬದಲಾಯಿಸಿದ್ರೆ? ಫಿಲ್ಟರ್ ಬದಲಾಯಿಸಿದ್ರೆ? ಆಗಲೂ ಬ್ಯಾಡ ಅಂತೀರಾ?

ಭಾವ: ಇಲ್ಲ, ಆಗ ಬೇಕು ಅಂತೀನಿ. ಮಾವನ ಕಂಡಿ ದೊಡ್ಡದಾದ್ರೆ ಹೊಟ್ಟೂ ಜಾಸ್ತಿ ಬೇಕಲ್ಲ. ಆದ್ರೆ ಆಗ ಯಾರೋ ಮಾಡಿದ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿ) ಡೌನ್‌ಲೋಡ್ ಮಾಡಿ ಹಾಕ್ಬೇಡಿ. ನಿನ್ನದೇ ಗಾಡಿನ ಡೈನೋ ಮೇಲಿಟ್ಟು, ಗಾಳಿ-ಪೆಟ್ರೋಲ್ ಪಾಲು ಅಳೆಯೋ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ನೋಡಿ ನೋಡಿ ಮ್ಯಾಪ್ ಮಾಡಿಸ್ಬೇಕು. ಕಿಡಿ ಹಾರೋ ಟೈಮಿಂಗ್ ಮುಂದಕ್ಕೆ ತಳ್ಳೋ ಡಬ್ಬಿ ಆದ್ರೆ ಇನ್ನೂ ಹುಷಾರು, ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿಯೋದು) ಬಂದ್ರೆ ಪಿಸ್ಟನ್ನೇ ಹೋಗತ್ತೆ. ಆ ಗಾಡಿ ರೇಸ್ ಟ್ರ್ಯಾಕಿಗೆ ಸರಿ. ರಸ್ತೆಗೆ ತಂದ್ರೆ ಅಕ್ಕನ ಫೀಸು ಇದ್ದೇ ಇದೆ.

ನಾನು: ನನ್ನ ಓಟು: ವಾರಂಟಿ ಮುಗಿಯೋವರೆಗೆ ಡಬ್ಬಿ ಬೇಡ. ಪುಟ್ಟನಿಗೆ ಬೇಕಿರೋದು ಪವರ್ ಅಲ್ಲ, ಗುಂಡಿ ಸರ್ಕಲ್ ದಾಟೋದು.

ಪುಟ್ಟ: ಆತು, ಈಗ ಬ್ಯಾಡ. ಆದ್ರೆ ಗಾಡಿ ನಿಜವಾಗ್ಲೂ ಲೀನ್ ಓಡ್ತೈತೋ ಇಲ್ಲೋ ಅಂತ ಗೊತ್ತಾಗೋದು ಹೆಂಗೆ ಭಾವ?

ಭಾವ: ಇಸಿಯು ಓದೋ ಓಬಿಡಿ ಸ್ಕ್ಯಾನರ್ ಹಾಕಿ ಫ್ಯೂಯೆಲ್ ಟ್ರಿಮ್ ನೋಡ್ಬಹುದು. ಇಸಿಯು ಎಷ್ಟು ಸೇರಿಸ್ತಿದೆ, ಎಷ್ಟು ಕಡೀತಿದೆ ಅಂತ ಪರ್ಸೆಂಟಲ್ಲಿ ತೋರ್ಸತ್ತೆ. ಬೈಕಿಗೆ ಅಡಾಪ್ಟರ್ ಬೇಕು.

ಪುಟ್ಟ: ಎಷ್ಟಾಗ್ತೈತಿ? ಲಿಂಕ್ ಕಳಿಸ್ರಿ.

ಮಾವ: ತಗಳಪ್ಪ, ಒಂದು ಡಬ್ಬಿ ಹೋತು, ಇನ್ನೊಂದು ಡಬ್ಬಿ ಬಂತು.

ಚಿಂಟು: ಲಿಂಕ್ ನನ್ನತ್ರ ಇದೆ 😁