ಲೋಗೋ ಮಾಡಲು ಬರುತ್ತದೆ, ರೇಟು ಹೇಳಲು ಬಾಯಿ ಬರುವುದಿಲ್ಲ

ಗೆರೆಬಣ್ಣ:
ದಾವಣಗೆರೆಯ ಒಂದು ಪ್ರೆಸ್‌ನಲ್ಲಿ ಡಿಸೈನರ್ ಆಗಿದ್ದೇನೆ. ಸಂಜೆ ಹೊತ್ತು ಸ್ವಂತ ಕೆಲಸ ಹಿಡಿಯುತ್ತಿದ್ದೇನೆ, ಮುಂದೆ ಅದನ್ನೇ ಪೂರ್ತಿ ಮಾಡುವ ಆಸೆ. ಈಗ ಗಾಣದ ಎಣ್ಣೆಯವರೊಬ್ಬರು ಲೋಗೋ, ಬಾಟಲಿ ಲೇಬಲ್ ಎರಡೂ ಕೇಳಿದ್ದಾರೆ. "ಮೊದಲು ಎರಡು ಮೂರು ಮಾಡಿ ತೋರಿಸಿ, ಇಷ್ಟ ಆದರೆ ದುಡ್ಡಿನ ಮಾತು" ಅನ್ನುತ್ತಾರೆ. ಒಪ್ಪಿಕೊಳ್ಳಲಾ? ರೇಟು ಎಷ್ಟು ಹೇಳಲಿ?

ಮಸಿಕುಡಿಕೆ:
ಒಪ್ಪಬೇಡಿ. ಹಳೇ ಕೆಲಸ ತೋರಿಸಿ, ಹೊಸದಕ್ಕೆ ಅರ್ಧ ಅಡ್ವಾನ್ಸ್ ಬಂದ ಮೇಲೆ ಕೈ ಹಾಕಿ. ರೇಟಿಗೆ ಮೊದಲು ನಿಮ್ಮ ಲೆಕ್ಕ ನೀವು ಹಾಕಿಕೊಳ್ಳಬೇಕು. ಪೂರ್ತಿ ಇದಕ್ಕೇ ಇಳಿದ ಮೇಲೆ ಮನೆ ಖರ್ಚು, ಸಾಫ್ಟ್‌ವೇರ್, ಇಂಟರ್‌ನೆಟ್ ಎಲ್ಲಾ ಸೇರಿ ತಿಂಗಳಿಗೆ 40,000 ಬೇಕು ಅಂದುಕೊಳ್ಳಿ, ಫೋನು, ಓಡಾಟ, ಬಾಕಿ ವಸೂಲಿಗೆ ಹೋಗುವ ಸಮಯ ಬಿಟ್ಟು ದುಡ್ಡು ಹುಟ್ಟುವ ಕೆಲಸ 80 ಗಂಟೆ ಸಿಕ್ಕರೆ ಗಂಟೆಗೆ 500 ಆಯಿತು, ಅದಕ್ಕಿಂತ ಕೆಳಗೆ ಹೋದರೆ ಕೈಯಿಂದ ಹಾಕಿದ ಹಾಗೆ. ಪಾರ್ಟಿಗೆ ಗಂಟೆ ಲೆಕ್ಕ ಹೇಳಬೇಡಿ, ಒಟ್ಟು ಕೆಲಸಕ್ಕೆ ಇಷ್ಟು ಅನ್ನಿ. ಎರಡು ಸಲ ಕರೆಕ್ಷನ್ ಸೇರಿದೆ, ಮೂರನೆಯದಕ್ಕೆ ಬೇರೆ ದುಡ್ಡು ಅಂತ ವಾಟ್ಸಾಪ್‌ನಲ್ಲಾದರೂ ಬರೆದು ಕಳಿಸಿ.

ಲೇಬಲ್‌ಮನೆ:
ಲೋಗೋ ಬಿಡಿ, ನಿಮ್ಮನ್ನು ಸುಸ್ತು ಮಾಡುವುದು ಲೇಬಲ್ಲೇ. ಎಣ್ಣೆ ಅಂದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್, ಹಸಿರು ಚುಕ್ಕಿ, ನಿವ್ವಳ ಪ್ರಮಾಣ, ಎಂಆರ್‌ಪಿ, ಬ್ಯಾಚ್, ತಯಾರಿಸಿದ ದಿನಾಂಕ, ಗ್ರಾಹಕರ ದೂರಿಗೆ ಫೋನ್ ನಂಬರ್, ಎಲ್ಲಾ ಬೇಕು. ಪ್ರಮಾಣದ ಅಂಕಿ ಇಷ್ಟು ಎತ್ತರ ಇರಬೇಕು ಅಂತಲೂ ನಿಯಮ ಇದೆ. ಈ ಮ್ಯಾಟರ್ ಅವರೇ ಬರೆದು ಕೊಡಲಿ, ಅದು ಕೈಗೆ ಬರುವವರೆಗೆ ಲೇಬಲ್ ಶುರು ಮಾಡಬೇಡಿ. ಪ್ರಿಂಟಿಗೆ ಹೋಗುವ ಮುಂಚೆ ಅವರಿಂದ "ಓಕೆ" ಬರವಣಿಗೆಯಲ್ಲೇ ತಗೊಳ್ಳಿ. ಬಾಯಿಮಾತಿನ ಓಕೆ ನಂಬಿ ಸಾವಿರಾರು ಲೇಬಲ್ ತಪ್ಪಾಗಿ ಬಂದರೆ ಬೆರಳು ನಿಮ್ಮ ಕಡೆಗೇ ತಿರುಗುತ್ತದೆ.

ಕರಾವಳಿಕುಂಚ:
ಇನ್ನೊಂದು, ಪೂರ್ತಿ ದುಡ್ಡು ಬರುವ ತನಕ ಕೋರೆಲ್ ಫೈಲ್, ಅಂದರೆ ತಿದ್ದಲು ಬರುವ ಮೂಲ ಡಿಸೈನ್ ಫೈಲ್, ಕೊಡಬೇಡಿ, ನೋಡಲು ಜೆಪಿಜಿ ಚಿತ್ರ ಸಾಕು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದಿದ್ದರೆ ಅದು ಬರಹದಲ್ಲಿ, ಸಹಿ ಹಾಕಿಯೇ ಆಗಬೇಕು. ಹಾಗಾಗಿ "ಕೊನೆಯ ಕಂತು ಬಂದ ಮೇಲೆ ಹಕ್ಕು ನಿಮ್ಮದು" ಅಂತ ಕೊಟೇಶನ್‌ನಲ್ಲೇ ಹಾಕಿ ಇಬ್ಬರೂ ಸಹಿ ಮಾಡಿ. ಪ್ರೆಸ್ ಬಿಟ್ಟ ಮೇಲೆ ಉದ್ಯಮ್ ನೋಂದಣಿಯನ್ನೂ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕ ಇಲ್ಲ. ಅದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಡ ಮಾಡಿದರೆ ಬಡ್ಡಿ ಕೇಳಬಹುದು.

ಗೆರೆಬಣ್ಣ:
ತುಂಬಾ ಥ್ಯಾಂಕ್ಸ್. ಹಳೇ ಕೆಲಸ ತೋರಿಸಿ ಅಂದಿರಲ್ವಾ, ನನ್ನ ಹತ್ತಿರ ಇರುವುದೆಲ್ಲಾ ಪ್ರೆಸ್‌ನಲ್ಲಿ ಮಾಡಿದ್ದು. ಅದನ್ನು ತೋರಿಸಬಹುದಾ?

ಮಸಿಕುಡಿಕೆ:
ಸಂಬಳಕ್ಕೆ ಮಾಡಿದ ಕೆಲಸ ಪ್ರೆಸ್‌ನವರದು, ಮಾಲೀಕರನ್ನು ಕೇಳದೆ ತೋರಿಸಬೇಡಿ. ಅವರು ಬೇಡ ಅಂದರೆ ನೀವೇ ಒಂದು ಉಪ್ಪಿನಕಾಯಿ, ಒಂದು ಜೇನುತುಪ್ಪದ ಲೇಬಲ್ ಮಾದರಿಗೆ ಮಾಡಿ, ಇದು ಮಾದರಿ ಅಂತಲೇ ಹೇಳಿ ತೋರಿಸಿ. ಪ್ರೆಸ್ ಪಾರ್ಟಿಗಳನ್ನು ಮಾತ್ರ ಸಂಜೆ ಕೆಲಸಕ್ಕೆ ಎಳೆದುಕೊಳ್ಳಬೇಡಿ.