ಕಮಾಂಡಿನ 'ಆಪ್ಷನ್'ಗೆ 'ಆಯ್ಕೆ' ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಗೆಳೆಯನೂ ನಾನೂ ಸೇರಿ, ಲಿನಕ್ಸ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ಸಣ್ಣ ಟೂಲ್ ಒಂದನ್ನು ಬರೆದಿದ್ದೇವೆ. ಮೆನು ಇಲ್ಲ, ಎಲ್ಲ ಕಮಾಂಡ್ (ಕಂಪ್ಯೂಟರಿಗೆ ಕೊಡುವ ಆಜ್ಞೆ) ಟೈಪ್ ಮಾಡಿಯೇ ಆಗಬೇಕು. ಈಚೆಗೆ ಒಂದು ಆಪ್ಷನ್, ಅಂದರೆ ಬೇಕಿದ್ದರೆ ಕಮಾಂಡಿಗೆ ಸೇರಿಸಿ ಟೈಪ್ ಮಾಡುವ ಪದ, ಸೇರಿಸಿದೆವು. ಅದನ್ನು ಕೊಟ್ಟರೆ ಟೂಲ್ ಏನನ್ನೂ ಮುಟ್ಟುವುದಿಲ್ಲ, ಏನೇನು ಬದಲಾಗಲಿದೆ ಎಂದು ಸುಮ್ನೆ ತೋರಿಸುತ್ತದೆ. ಸಹಾಯದ ಪುಟದಲ್ಲಿ 'ಹೊಸ ಆಯ್ಕೆ ಸೇರಿಸಿದ್ದೇವೆ' ಎಂದು ಬರೆದೆ. ಅದನ್ನು ಓದಿದ ತೋಟದ ರೈಟರ್ (ಲೆಕ್ಕ ಬರೆಯುವವರು) ಒಬ್ಬರು ಫೋನ್ ಮಾಡಿದರು: "ಆಯ್ಕೆ ಎಲ್ಲಿ ಕಾಣ್ತದೆ ಸಾರ್? ಯಾವುದನ್ನ ಒತ್ತಬೇಕು?"

ತಪ್ಪು ಅವರದಲ್ಲ. ಆಯ್ಕೆ ಅಂದರೆ ಮುಂದೆ ಇರುವುದರಲ್ಲಿ ಆಯುವುದು, ಅಕ್ಕಿಯಲ್ಲಿ ಕಲ್ಲು ಆಯ್ದ ಹಾಗೆ. ಇಲ್ಲಿ ಆಯಲು ಮುಂದೆ ಏನೂ ಇಲ್ಲವಲ್ಲ!

ನಮ್ಮೂರಿನ ಕಾಫಿಪುಡಿ ಅಂಗಡಿಯಲ್ಲಿ ನಿಂತಾಗ ಇದು ಹೊಳೆಯಿತು. "ಅರ್ಧ ಕೆಜಿ ಪುಡಿ ಕೊಡಿ" ಅಂದರೆ ಅವರು ಯಾವಾಗಲೂ ಕೊಡುವ ಮಿಶ್ರಣ ಬರುತ್ತದೆ. "ಚಿಕೋರಿ ಬೇಡ" ಅಂತ ಸೇರಿಸಿದರೆ ಪುಡಿ ಬದಲಾಗುತ್ತದೆ. "ಚಿಕೋರಿ 20 ಪರ್ಸೆಂಟ್ ಸಾಕು" ಅಂದರೆ ಇನ್ನೊಂದು ಥರ. ಕಮಾಂಡಿನಲ್ಲೂ ಹೀಗೇ ಅಲ್ವಾ? ಗಡಿಯಾರ ಹೊಂದಿಸುವ ಟೈಮ್‌ಡೇಟ್‌ಸಿಟಿಎಲ್‌ನಲ್ಲಿ 'ನೋ-ಪೇಜರ್' (ಪುಟಪುಟವಾಗಿ ನಿಲ್ಲಿಸದೆ ತೋರಿಸು) ಎಂದಷ್ಟೇ ಕೊಟ್ಟರೆ ಮುಗಿಯಿತು, ಅದು 'ಚಿಕೋರಿ ಬೇಡ'ದ ಜಾತಿ. 'ಹೋಸ್ಟ್' ಕೊಟ್ಟರೆ ಯಾವ ಕಂಪ್ಯೂಟರ್ ಅಂತಲೂ ಹೇಳಬೇಕು. ಅದು '20 ಪರ್ಸೆಂಟ್' ಜಾತಿ. ಆದರೆ ಅದರಲ್ಲೇ ಬರುವ 'ಸೆಟ್-ಟೈಮ್‌ಜೋನ್' ಆಪ್ಷನ್ ಅಲ್ಲ. ಆ ಎರಡಕ್ಕೆ ಇರುವಂತೆ ಅದರ ಮುಂದೆ ಎರಡು ಅಡ್ಡಗೆರೆ (--) ಇಲ್ಲ, ಅದು ಮಾಡಬೇಕಾದ ಕೆಲಸವೇ.

'ವಿಕಲ್ಪ' ಎಂದು ಒಬ್ಬರು ಸೂಚಿಸಿದರು. ಹಿಂದಿಯಲ್ಲಿ ಅದೇ ಇದೆ. ನಮ್ಮ ವ್ಯಾಕರಣದಲ್ಲೂ ವಿಕಲ್ಪ ಅಂದರೆ ಮಾಡಿದರೂ ಸರಿ, ಬಿಟ್ಟರೂ ಸರಿ ಎಂಬ ನಿಯಮ. ಅರ್ಥ ನೋಡಿದರೆ ಇದಕ್ಕಿಂತ ಹತ್ತಿರದ ಪದ ಸಿಗಲಿಕ್ಕಿಲ್ಲ. ಆದರೆ ಆಡುಮಾತಿನಲ್ಲಿ ಅದು ಬದುಕಿಲ್ಲ. ರೈಟರ್‌ಗೆ ವಿಕಲ್ಪ ಅಂದರೆ ಎಲ್ಲೋ ಏನೋ ಕೆಟ್ಟಿದೆ ಅಂದುಕೊಂಡಾರು.

'ಆಪ್ಷನ್' ಎಂದೇ ಬಿಡಬಹುದು. ಆದರೆ "ಬೇರೆ ಆಪ್ಷನ್ ಇಲ್ಲ ಕಣ್ರೀ" ಅನ್ನುವಾಗ ಅದರ ಅರ್ಥ ದಾರಿ, ಅಲ್ಲಿಯೂ ಆಯ್ಕೆಯೇ ಬಂತು. ನನಗೆ 'ಜೊತೆಮಾತು' ಹಿಡಿಸಿದೆ: ಕಮಾಂಡಿನ ಜೊತೆ ಹೇಳುವ ಮಾತು. ಗೆಳೆಯ ನಗುತ್ತಾನೆ, ಮದುವೆ ಮನೆಯ ಪದದ ಹಾಗಿದೆಯಂತೆ.

ನಿಮ್ಮ ಕಡೆ ಇದಕ್ಕೆ ಏನು ಬಳಸುತ್ತೀರಿ? 'ಚಿಕೋರಿ ಬೇಡ' ಮತ್ತು 'ಚಿಕೋರಿ 20', ಎರಡಕ್ಕೂ ಒಂದೇ ಪದ ಸಾಕೇ, ಬೇರೆ ಬೇರೆ ಬೇಕೇ?