ಮುಖದ ಸ್ಕ್ಯಾನ್: ಫೋನ್ ಸಾಕಾ, ಮೆಷಿನ್ನೇ ಬೇಕಾ? (ಹಲ್ಲಿನ ಡಾಕ್ಟರೊಬ್ಬರಿರುವ ಗ್ರೂಪ್ ಚಾಟ್)

ರಮೇಶ್: ಡಾಕ್ಟ್ರೇ, ಮುಂದಿನ ಆರು ಹಲ್ಲಿಗೆ ಕ್ಯಾಪ್ ಹಾಕಿಸುತ್ತಿದ್ದೇನೆ. ಐಫೋನಿನಲ್ಲೇ ಮುಖ ಸ್ಕ್ಯಾನ್ ಮಾಡಿದರು. ಇದು ಸಾಕಾ?

ಡಾಕ್ಟರ್: ನಗುವಾಗ ಹಲ್ಲು ಎಷ್ಟು ಕಾಣಬೇಕು, ಸಾಲು ಓರೆಯಾ ಅಂತ ನೋಡಲು ಸಾಕು. ಅದರ ಮುಂದಿನ ಕ್ಯಾಮೆರಾ 30,000ಕ್ಕೂ ಹೆಚ್ಚು ಕಾಣದ ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲಿ ಆಳ ಅಳೆಯುತ್ತದೆ. ಕ್ಯಾಪ್ ಕೂರಿಸುವ ಅಳತೆಗೆ ಇದು ಆಗಲ್ಲ. ಬಾಯೊಳಗಿನ ಸ್ಕ್ಯಾನ್ ಅಥವಾ ಅಚ್ಚು ಬೇಕೇ ಬೇಕು.

ಸುಮಾ: ರೇಡಿಯೇಷನ್ ಇರುತ್ತಾ?

ಡಾಕ್ಟರ್: ಇಲ್ಲ. ಬರೀ ಬೆಳಕು.

ವೀಣಾ: ಮಗನಿಗೆ ಐದು ವರ್ಷ, ಸೀಳುತುಟಿ ಆಪರೇಷನ್ ಆಗಿದೆ. ಒಂದು ಕ್ಷಣ ಸುಮ್ನೆ ಕೂರಲ್ಲ.

ಡಾಕ್ಟರ್: ಕೈಯಲ್ಲಿ ಹಿಡಿದು ಮುಖದ ಸುತ್ತ ತಿರುಗಿಸುವ ಸ್ಕ್ಯಾನರ್ ಬೇಡ, ಅವನು ಅಲ್ಲಾಡಿದರೆ ಮೂಗು ಎರಡಾಗಿ ಬರುತ್ತದೆ. ಹಲವು ಕ್ಯಾಮೆರಾ ಒಟ್ಟಿಗೆ ಕ್ಲಿಕ್ಕಿಸುವ ವ್ಯವಸ್ಥೆ ಇರುವ ಕಡೆ ಕೇಳಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ನವೀನ್: ಐಫೋನ್ ಪ್ರೊ ಹಿಂದೆ ಲೈಡಾರ್ (ಬೆಳಕಿನಿಂದ ದೂರ ಅಳೆಯುವ ಸೆನ್ಸರ್) ಇದೆಯಲ್ಲ, ಅದೇ ಬೆಸ್ಟ್.

ರಮೇಶ್: ಅದು ಕೋಣೆ ಅಳೆಯಲು ಸ್ವಾಮಿ.

ನವೀನ್: ನೀವು ಉಪಯೋಗಿಸಿದ್ದೀರಾ?

ಗಿರೀಶ್: ಸರ್, ಅಪ್ಪನ ಎಡಗೆನ್ನೆ ಊದಿದೆ. ನಿನ್ನೆ, ಇವತ್ತು ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ಹೋಲಿಸಿದೆ. 4 ಮಿ.ಮೀ. ಜಾಸ್ತಿ ಬರುತ್ತಿದೆ. ಗ್ರೂಪಿನಲ್ಲಿ ಬಂದ ಲವಂಗದ ಬಿಸಿ ಶಾಖ ಕೊಡುತ್ತಿದ್ದೇವೆ.

ಡಾಕ್ಟರ್: ಶಾಖ ಈಗಲೇ ನಿಲ್ಲಿಸಿ! ಜ್ವರ ಇದೆಯಾ? ಎಂಜಲು ನುಂಗಲು ಆಗುತ್ತಾ? ಬಾಯಿ ಎಷ್ಟು ತೆರೆಯುತ್ತದೆ?

ಗಿರೀಶ್: ಎರಡು ಬೆರಳೂ ಹೋಗುತ್ತಿಲ್ಲ. ನುಂಗಿದರೆ ನೋವು. ಶುಗರ್ ಇದೆ.

ಡಾಕ್ಟರ್: ಸ್ಕ್ಯಾನ್ ಬಿಡಿ. ಹಲ್ಲು ಕಚ್ಚಿಕೊಂಡರೂ ಕೆನ್ನೆಯ ಅಳತೆ ಬದಲಾಗುತ್ತದೆ, ಹಾಗಾಗಿ ಆ 4ರ ಮೇಲೆ ನನಗೆ ನಂಬಿಕೆಯಿಲ್ಲ. ಸ್ಕ್ಯಾನಿಗೆ ಕಾಣುವುದು ಚರ್ಮ ಮಾತ್ರ, ಒಳಗಿನ ಕೀವು ಕಾಣಲ್ಲ. ನನಗೆ ಭಯ ಆ ಎರಡು ಬೆರಳಿನದು. ಹಲ್ಲಿನ ಸೋಂಕು ದವಡೆಯ ಕೆಳಗೆ, ಕುತ್ತಿಗೆಗೆ ಇಳಿದರೆ ಉಸಿರಾಟದ ದಾರಿಯೇ ಕಟ್ಟಬಹುದು. ಶುಗರ್ ಇರುವವರಲ್ಲಿ ಬೇಗ ಹರಡುತ್ತದೆ. ಹಲ್ಲಿನ ಕ್ಲಿನಿಕ್ ಬೇಡ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೊರಡಿ. ಮಲಗಿಸಬೇಡಿ, ಕೂರಿಸಿಕೊಂಡೇ ಕರೆದೊಯ್ಯಿರಿ.

ಲತಾ: ನಮ್ಮತ್ತೆಗೆ ಲವಂಗದಲ್ಲೇ ವಾಸಿಯಾಯಿತು. ವಸಡಿಗೆ ಆಸ್ಪಿರಿನ್ ಪುಡಿಯೂ ಒಳ್ಳೆಯದಂತೆ.

ಡಾಕ್ಟರ್: ವಸಡು ಸುಡುತ್ತದೆ. ಫಾರ್ವರ್ಡ್ ಹಾಕಬೇಡಿ ಅಂತ ಮೂರನೇ ಸಲ ಹೇಳುತ್ತಿದ್ದೇನೆ.

ಲತಾ: ಹೇಳಿದ್ದಕ್ಕೆ ಇಷ್ಟು ಸಿಟ್ಟಾ?

ನವೀನ್: ಲೈಡಾರ್ ಬಗ್ಗೆ ಡಾಕ್ಟರ್ ಹೇಳಲೇ ಇಲ್ಲ.

ಮಂಜು: ಗಡ್ಡ ಬೋಳಿಸಬೇಕಾ ಸ್ಕ್ಯಾನಿಗೆ?

ಸತೀಶ್: ಇದರಲ್ಲಿ ರೇಡಿಯೇಷನ್ ಇದೆಯಾ ಸರ್?

ಡಾಕ್ಟರ್: ಮೇಲೆ ಓದಿ. ಗಿರೀಶ್, ಹೊರಟಿರಾ?

ಗಿರೀಶ್: ಆಟೋದಲ್ಲಿದ್ದೇವೆ ಸರ್.